ಕಪ್ಪೆಯ ಚರ್ಮದ ಸೂಕ್ಷ್ಮಜೀವಿನಿರೋಧಕ ಪೆಪ್ಟೈಡುಗಳು: ಒಂದು ತೌಲನಿಕ ವಿವೇಚನೆ

ಹೈದರಾಬಾದು ನಗರದ ವಾಯವ್ಯ ಅಂಚಿನಲ್ಲಿರುವ ಮಿಯಾಪುರವು ಗಡಿನಾಡಿನ ಕನ್ನಡಿಗರಿಗೆ ಅಪರಿಚಿತವಾದ ಸ್ಥಳವಲ್ಲ. ಬೀದರ, ಹುಮನಾಬಾದಗಳ ಕಡೆಯಿಂದ ಬರುವ ಬಸ್ಸುಗಳು ಜಹೀರಾಬಾದು, ಸಂಗಾರೆಡ್ಡಿ, ಪಟಾನ್‌ಚೆರುಗಳನ್ನು ದಾಟಿ ಮಿಯಾಪುರದ ಮೂಲಕ ನಗರವನ್ನು ಪ್ರವೇಶಿಸುತ್ತವೆ. ೨೦೧೭ರ ನವೆಂಬರಿನಲ್ಲಿ ಆರಂಭವಾದ ಮೆಟ್ರೊ ರೈಲಿನ ಒಂದು ತುದಿಯ ನಿಲ್ದಾಣವೂ ಇದೇ ಆಗಿದೆ. ನಾವು ಇಲ್ಲಿ ಎತ್ತಿಕೊಂಡಿರುವ ವಿಷಯಕ್ಕೆ ಈ ಸ್ಥಳವು ಎರಡು ದಿಕ್ಕುಗಳಿಂದ ಸಂಬಂಧಪಡುತ್ತದೆ. ಇಲ್ಲಿಂದ ಮೆಟ್ರೊ ಹತ್ತಿ, ಅಮೀರ್‌ಪೇಟೆಯಲ್ಲಿ ಗಾಡಿ ಬದಲಿಸಿ ಹಬ್ಸಿಗೂಡದಲ್ಲಿ ಇಳಿದರೆ, ಭಾರತದ ಕಪ್ಪೆಯೊಂದರ ಚರ್ಮಸ್ರಾವದಿಂದ ಹೊಸದೊಂದು ಪೆಪ್ಟೈಡು ಕುಟುಂಬವನ್ನು ಪ್ರತ್ಯೇಕಿಸಿದ ಕೋಶೀಯ ಮತ್ತು ಆಣವಿಕ ಜೀವವಿಜ್ಞಾನ ಕೇಂದ್ರ, ಅಂದರೆ ಸಿಸಿಎಂಬಿ, ಸಮೀಪದಲ್ಲಿದೆ. ವಿರುದ್ಧ ದಿಕ್ಕಿನಲ್ಲಿ ಹೆದ್ದಾರಿ ಹಿಡಿದು ಸುಮಾರು ೧೨ ಕಿಲೋಮೀಟರು ಸಾಗಿದರೆ ಔಷಧ ಕಾರ್ಖಾನೆಗಳ ಪಟಾನ್‌ಚೆರು ಸಿಗುತ್ತದೆ. ಇಂಥ ಪೆಪ್ಟೈಡುಗಳ ಅಗತ್ಯ ಇಂದು ಏಕೆ ಉಂಟಾಗಿದೆ ಎಂಬುದಕ್ಕೆ ಉತ್ತರದ ಒಂದು ಭಾಗ ಅಲ್ಲಿನ ನೀರಿನಲ್ಲಿದೆ.

ಮೊದಲಿಗೆ ಪರಿಭಾಷೆಯ ವಿಚಾರ. ಅಮೈನೋ ಆಮ್ಲಗಳು ಒಂದಕ್ಕೊಂದು ಸರಪಳಿಯಂತೆ ಕೂಡಿಕೊಂಡು ಪ್ರೋಟೀನು ಆಗುತ್ತದೆ. ಈ ಸರಪಳಿಯು ಗಿಡ್ಡದಾಗಿದ್ದರೆ, ಸ್ಥೂಲವಾಗಿ ಐವತ್ತು ಕೊಂಡಿಗಳ ಒಳಗಿದ್ದರೆ, ಅದನ್ನು ಪೆಪ್ಟೈಡು ಎನ್ನುವುದು ವಾಡಿಕೆ. ಇದಕ್ಕೆ ಕನ್ನಡದಲ್ಲಿ ಪದ ಸೃಷ್ಟಿಸುವ ಪ್ರಯತ್ನಗಳು ನೆಲೆನಿಂತಿಲ್ಲವಾದುದರಿಂದ ಬಳಕೆಯಲ್ಲಿರುವ ಪದವನ್ನೇ ಉಳಿಸಿಕೊಂಡಿದ್ದೇವೆ. ಪೆನಿಸಿಲಿನ್ ಮೊದಲಾದವುಗಳಿಗೆ ‘ಪ್ರತಿಜೈವಿಕ’ ಎಂಬ ಪದವು ಪಠ್ಯಗಳಲ್ಲಿ ರೂಢಿಯಾಗಿದೆ. ಪ್ರಾಣಿಗಳು ತಮ್ಮ ದೇಹದಲ್ಲಿಯೇ ತಯಾರಿಸಿಕೊಳ್ಳುವ ರಕ್ಷಕ ಪೆಪ್ಟೈಡುಗಳನ್ನು ಅದರಿಂದ ಬೇರ್ಪಡಿಸಿ ‘ಸೂಕ್ಷ್ಮಜೀವಿನಿರೋಧಕ’ ಎಂದು ಕರೆಯುತ್ತೇವೆ. ಪದ ಉದ್ದವಾಯಿತೆಂಬ ಆಕ್ಷೇಪ ಬರಬಹುದು. ಆದರೆ ಬ್ಯಾಕ್ಟೀರಿಯಾ, ಶಿಲೀಂಧ್ರ, ಕೆಲವೊಮ್ಮೆ ವೈರಸ್ಸು, ಇವೆಲ್ಲವನ್ನೂ ಒಳಗೊಳ್ಳುವ ಪದ ಇಲ್ಲಿ ಅವಶ್ಯ.

ಕಪ್ಪೆಯ ಚರ್ಮವು ತೆಳ್ಳಗೆ, ಸದಾ ತೇವವಾಗಿ ಇರುವಂಥದು. ಅದು ಉಸಿರಾಟದ ಅಂಗವೂ ಹೌದು, ನೀರನ್ನು ಹೀರುವ ಅಂಗವೂ ಹೌದು. ಕೊಳೆತ ಎಲೆ, ಕೆಸರು, ನಿಂತ ನೀರುಗಳ ನಡುವೆ ಇಂಥ ಚರ್ಮವನ್ನು ಹೊತ್ತ ಪ್ರಾಣಿಯು ಕೊಳೆಯದೆ ಬದುಕುವುದು ಹೇಗೆ? ಚರ್ಮದಲ್ಲಿ ಎರಡು ಬಗೆಯ ಗ್ರಂಥಿಗಳಿವೆ. ಒಂದು ಬಗೆಯವು ಲೋಳೆಯನ್ನು ಸ್ರವಿಸುತ್ತವೆ. ಮತ್ತೊಂದು ಬಗೆಯ ಗ್ರಂಥಿಗಳ ಒಳಗೆ ಸಣ್ಣ ಕಣಗಳ ರೂಪದಲ್ಲಿ ಪೆಪ್ಟೈಡುಗಳು ಶೇಖರವಾಗಿರುತ್ತವೆ. ಪ್ರಾಣಿಗೆ ಗಾಯವಾದಾಗ ಅಥವಾ ಅದು ಬೆದರಿದಾಗ ಗ್ರಂಥಿ ಹಿಂಡಿದಂತಾಗಿ ಅವು ಮೈಮೇಲೆ ಹರಡುತ್ತವೆ. ಯುರೋಪಿನ ಬೊಂಬಿನಾ ಎಂಬ ಕಪ್ಪೆಯಿಂದ ಇಂಥ ಒಂದು ಪೆಪ್ಟೈಡನ್ನು ೧೯೭೦ರ ವೇಳೆಗಾಗಲೇ ಗುರುತಿಸಲಾಗಿತ್ತು. ಆದರೆ ವಿಷಯವು ವಿದ್ವಾಂಸರ ವ್ಯಾಪಕ ಗಮನ ಸೆಳೆದದ್ದು ೧೯೮೭ರಲ್ಲಿ. ಅಮೆರಿಕದ ಮೈಕೇಲ್ ಝಾಸ್ಲಾಫ್ ಅವರು ತಮ್ಮ ಪ್ರಯೋಗಾಲಯದಲ್ಲಿ ಶಸ್ತ್ರಕ್ರಿಯೆಗೆ ಒಳಗಾದ ಆಫ್ರಿಕದ ಝೆನೋಪಸ್ ಕಪ್ಪೆಗಳು ಶುದ್ಧವಲ್ಲದ ತೊಟ್ಟಿಯ ನೀರಿಗೆ ಮರಳಿದರೂ ಗಾಯ ಕೀವಾಗದೆ ವಾಸಿಯಾಗುವುದನ್ನು ಕಂಡು ಅದರ ಕಾರಣವನ್ನು ಹುಡುಕಿದರು. ದೊರೆತವು ೨೩ ಅಮೈನೋ ಆಮ್ಲಗಳ ಎರಡು ಪೆಪ್ಟೈಡುಗಳು. ಗುರಾಣಿ ಎಂಬ ಅರ್ಥದ ಹೀಬ್ರೂ ಪದದಿಂದ ಅವುಗಳಿಗೆ ಮಗೈನಿನ್ ಎಂಬ ಹೆಸರಿಟ್ಟರು.

ಮಗೈನಿನ್ನು ಕೆಲಸ ಮಾಡುವ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಉಳಿದವನ್ನು ಅದರೊಂದಿಗೆ ಹೋಲಿಸಿಯೇ ಅಳೆಯುವ ಪದ್ಧತಿ ಬೆಳೆದಿದೆ. ಬ್ಯಾಕ್ಟೀರಿಯಾದ ಕೋಶಪೊರೆಯಲ್ಲಿ ಋಣಾವೇಶದ ಕೊಬ್ಬಿನ ಅಣುಗಳು ಗಣನೀಯವಾಗಿವೆ. ನಮ್ಮ ಜೀವಕೋಶಗಳ ಪೊರೆಯ ಹೊರಮೈಯಲ್ಲಿ ಆವೇಶರಹಿತ ಅಣುಗಳೂ ಕೊಲೆಸ್ಟೆರಾಲೂ ಪ್ರಧಾನವಾಗಿವೆ. ಮಗೈನಿನ್ನಿಗೆ ಧನಾವೇಶವಿದೆ. ಆದುದರಿಂದ ಅದು ಮೊದಲನೆಯದಕ್ಕೆ ಆಕರ್ಷಿತವಾಗಿ, ಎರಡನೆಯದನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ನೀರಿನಲ್ಲಿ ನಿರ್ದಿಷ್ಟ ಆಕಾರವಿಲ್ಲದೆ ತೇಲುವ ಈ ಸರಪಳಿ ಪೊರೆಯನ್ನು ಮುಟ್ಟಿದೊಡನೆ ಸುರುಳಿಯಾಗಿ ಮಡಿಚಿಕೊಳ್ಳುತ್ತದೆ. ಸುರುಳಿಯ ಒಂದು ಮಗ್ಗುಲು ನೀರನ್ನು ಬಯಸುವಂಥದು, ಇನ್ನೊಂದು ಮಗ್ಗುಲು ಕೊಬ್ಬನ್ನು ಬಯಸುವಂಥದು. ಇಂಥ ಅನೇಕ ಸುರುಳಿಗಳು ಸೇರಿದಾಗ ಪೊರೆಯಲ್ಲಿ ರಂಧ್ರ ಬೀಳುತ್ತದೆ, ಒಳಗಿನ ದ್ರವ್ಯ ಸೋರಿ ಬ್ಯಾಕ್ಟೀರಿಯಾ ಸಾಯುತ್ತದೆ. ಇಲ್ಲಿ ಬೀಗಕ್ಕೆ ಕೀಲಿಯಂತೆ ಹೊಂದಬೇಕಾದ ಗ್ರಾಹಕ ಯಾವುದೂ ಇಲ್ಲವೆಂಬುದನ್ನು ೧೯೯೦ರ ಒಂದು ಪ್ರಯೋಗ ಸೊಗಸಾಗಿ ತೋರಿಸಿತು. ಪ್ರಕೃತಿಯಲ್ಲಿರುವ ಎಡಗೈ ರೂಪದ ಅಮೈನೋ ಆಮ್ಲಗಳ ಬದಲು ಬಲಗೈ ರೂಪದವುಗಳಿಂದಲೇ ಮಗೈನಿನ್ನಿನ ಕನ್ನಡಿಬಿಂಬವನ್ನು ತಯಾರಿಸಿದಾಗ ಅದೂ ಅಷ್ಟೇ ಸಮರ್ಥವಾಗಿ ಬ್ಯಾಕ್ಟೀರಿಯಾವನ್ನು ಕೊಂದಿತು. ಬಲಗೈಯ ಕೈಚೀಲ ಎಡಗೈಗೆ ಹಿಡಿಸದು. ಸುತ್ತಿಗೆಗೆ ಆ ಭೇದವಿಲ್ಲ.

ಹೈದರಾಬಾದಿನಲ್ಲಿ ಈ ಬಗೆಯ ಸಂಶೋಧನೆ ಮಗೈನಿನ್ನಿಗಿಂತಲೂ ಹಿಂದಿನದೆಂಬುದನ್ನು ಹೊರನಾಡಿನ ವಿದ್ವಾಂಸರು ಗಮನಿಸಬೇಕು. ೧೯೭೭ರಲ್ಲಿ ಆರಂಭವಾದ ಸಿಸಿಎಂಬಿಯ ಸ್ಥಾಪಕ ನಿರ್ದೇಶಕ ಪುಷ್ಪ ಮಿತ್ರ ಭಾರ್ಗವ ಅವರು ಇ. ಎಸ್. ಪಿ. ರೆಡ್ಡಿ ಅವರೊಡನೆ ೧೯೭೯ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಸೆಮಿನಲ್‌ಪ್ಲಾಸ್ಮಿನ್ ಎಂಬ ಸೂಕ್ಷ್ಮಜೀವಿನಿರೋಧಕ ಪ್ರೋಟೀನನ್ನು ಕುರಿತು ಬರೆದರು. ಅದು ಕಪ್ಪೆಯದಲ್ಲ, ಹೋರಿಯ ವೀರ್ಯದ್ರವದ್ದು; ೪೭ ಅಮೈನೋ ಆಮ್ಲಗಳದ್ದು. ಮುಂದೆ ಎನ್. ಸೀತಾರಾಮ್ ಮತ್ತು ಆರ್. ನಾಗರಾಜ್ ಅವರು ಅದರ ನಡುವಿನ ೧೩ ಅಮೈನೋ ಆಮ್ಲಗಳ ತುಂಡನ್ನು ಮಾತ್ರ ಕೃತಕವಾಗಿ ತಯಾರಿಸಿ ಪರೀಕ್ಷಿಸಿದರು. ಆ ತುಂಡಿಗೂ ಬ್ಯಾಕ್ಟೀರಿಯಾವನ್ನು ಕೊಲ್ಲುವ ಶಕ್ತಿ ಇತ್ತು. ಆದರೆ ಇಡೀ ಪ್ರೋಟೀನಿಗೆ ಇಲ್ಲದಿದ್ದ ಒಂದು ದುರ್ಗುಣವೂ ಅದಕ್ಕೆ ಬಂದಿತ್ತು: ಅದು ಕೆಂಪು ರಕ್ತಕಣಗಳನ್ನು ಒಡೆಯುತ್ತಿತ್ತು. ರೋಗಾಣುವನ್ನು ಕೊಲ್ಲುವ ಗುಣ ಮತ್ತು ನಮ್ಮ ಕೋಶವನ್ನು ಕೊಲ್ಲುವ ಗುಣ ಒಂದೇ ಸರಪಳಿಯಲ್ಲಿದ್ದರೂ ಬೇರೆ ಬೇರೆ ಎಂಬ ಈ ತಿಳಿವಳಿಕೆಯಿಲ್ಲದೆ ಕಪ್ಪೆಯ ಪೆಪ್ಟೈಡುಗಳ ಹೋಲಿಕೆಗೆ ಅರ್ಥ ಬರುವುದಿಲ್ಲ.

ಇದೇ ಪರಂಪರೆಯಲ್ಲಿ ೨೦೦೧ರಲ್ಲಿ ಟೈಗರಿನಿನ್ನುಗಳು ಪ್ರಕಟವಾದವು. ಮೂಲ ಪ್ರಾಣಿ ನಮ್ಮ ಕೆರೆಕುಂಟೆಗಳ ದೊಡ್ಡ ಗೋಂಕರು ಕಪ್ಪೆ. ಅಂದು ಅದಕ್ಕೆ ಶಾಸ್ತ್ರದಲ್ಲಿ ರಾನಾ ಟೈಗೆರಿನಾ ಎಂಬ ಹೆಸರು ಚಾಲ್ತಿಯಲ್ಲಿತ್ತು. ಇಂದು ಅದು ಹೋಪ್ಲೊಬ್ಯಾಟ್ರಾಕಸ್ ಟೈಗೆರಿನಸ್ ಆಗಿದೆ. ಸೀತಾರಾಮ್, ನಾಗರಾಜ್ ಮತ್ತು ಅವರ ಸಹೋದ್ಯೋಗಿಗಳು ಅಡ್ರಿನಲಿನ್ನಿನಿಂದ ಕಪ್ಪೆಯ ಚರ್ಮವನ್ನು ಉದ್ದೀಪಿಸಿ ಸ್ರಾವವನ್ನು ಪಡೆದು, ಅದರಿಂದ ೧೧ ಮತ್ತು ೧೨ ಅಮೈನೋ ಆಮ್ಲಗಳ ನಾಲ್ಕು ಪೆಪ್ಟೈಡುಗಳನ್ನು ಬೇರ್ಪಡಿಸಿದರು. ಅವುಗಳ ಕ್ರಮವನ್ನು ನಿರ್ಧರಿಸಿ, ಅದೇ ಕ್ರಮದಲ್ಲಿ ಕೃತಕವಾಗಿ ತಯಾರಿಸಿ ದೃಢಪಡಿಸಿಕೊಂಡರು. ಇವುಗಳ ರಚನೆ ವಿಶಿಷ್ಟವಾದುದು. ಎರಡು ಸಿಸ್ಟೀನುಗಳು ಗಂಧಕದ ಬಂಧದಿಂದ ಕೂಡಿ ಒಂಬತ್ತು ಅಮೈನೋ ಆಮ್ಲಗಳ ಉಂಗುರವಾಗುತ್ತದೆ, ಅಂದರೆ ಅಣುವಿನ ಬಹುಪಾಲು ಉಂಗುರವೇ. ಅಂದಿನವರೆಗೆ ತಿಳಿದಿದ್ದ ಉಭಯಚರಗಳ ಪೆಪ್ಟೈಡುಗಳಲ್ಲಿ ಇಂಥದು ಇರಲಿಲ್ಲ. ಇಷ್ಟು ಗಿಡ್ಡದಾದ, ಉಂಗುರದಲ್ಲಿ ಕಟ್ಟಿಹಾಕಿದ ಸರಪಳಿ ಸುರುಳಿಯಾಗಲಾರದು. ಅದು ಬಾಗಿದ ತಿರುವಿನ ಆಕಾರ ತಾಳುತ್ತದೆ. ಆದರೂ ಅದು ಬ್ಯಾಕ್ಟೀರಿಯಾದ ಪೊರೆಯನ್ನು ಸೋರುವಂತೆ ಮಾಡಿಯೇ ಕೊಲ್ಲುತ್ತದೆ. ಮರುವರ್ಷ ಇದೇ ತಂಡದವರು ಮೊದಲನೆಯ ಟೈಗರಿನಿನ್ನಿನ ರಚನೆಯನ್ನು ಅಲ್ಲಲ್ಲಿ ಬದಲಿಸಿ ಹೆಚ್ಚು ಕ್ರಿಯಾಶೀಲವಾದ ರೂಪಗಳನ್ನು ಪಡೆದು, ರೋಗಿಗಳಿಂದ ಸಂಗ್ರಹಿಸಿದ ಬ್ಯಾಕ್ಟೀರಿಯಾ ತಳಿಗಳ ಮೇಲೆ ಪ್ರಯೋಗಿಸಿದರು.

ಸುರುಳಿಯಾಗುವುದೇ ಕೊಲ್ಲುವ ಗುಟ್ಟು ಎಂದು ಮಗೈನಿನ್ನಿನಿಂದ ಕಲಿತಿದ್ದವರಿಗೆ ಟೈಗರಿನಿನ್ನು ಒಂದು ತಿದ್ದುಪಡಿಯಾಯಿತು. ನಮ್ಮ ದೃಷ್ಟಿಯಲ್ಲಿ ಹೈದರಾಬಾದಿನ ಕೊಡುಗೆಯ ಮಹತ್ವ ಇರುವುದು ಇಲ್ಲಿಯೇ ಹೊರತು ಇನ್ನೊಂದು ಔಷಧ ದೊರೆಯಿತೆಂಬ ಅವಸರದ ಸುದ್ದಿಯಲ್ಲಿ ಅಲ್ಲ.

ಹಾಗಾದರೆ ಎರಡರಲ್ಲಿ ಯಾವುದು ಪ್ರಬಲ? ಈ ಪ್ರಶ್ನೆಯನ್ನು ಕೇಳುವುದು ಸುಲಭ, ಪ್ರಕಟವಾದ ಕೋಷ್ಟಕಗಳಿಂದ ಉತ್ತರ ಹೇಳುವುದು ಕಷ್ಟ. ಸಾಮಾನ್ಯವಾಗಿ ಕೊಡುವ ಅಂಕಿ ಕನಿಷ್ಠ ನಿರೋಧಕ ಸಾಂದ್ರತೆ. ಅಂದರೆ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಬೇಕಾದ ಅತಿ ಕಡಿಮೆ ಪ್ರಮಾಣ. ಇದನ್ನು ಕೆಲವರು ತೂಕದಲ್ಲಿ ಕೊಡುತ್ತಾರೆ, ಕೆಲವರು ಅಣುಗಳ ಸಂಖ್ಯೆಯನ್ನು ಸೂಚಿಸುವ ಮೋಲಾರ್ ಮಾನದಲ್ಲಿ ಕೊಡುತ್ತಾರೆ. ಮೊದಲನೆಯ ಟೈಗರಿನಿನ್ನಿನ ಅಣುತೂಕ ಸುಮಾರು ೧೩೪೦, ಎರಡನೆಯ ಮಗೈನಿನ್ನಿನದು ಸುಮಾರು ೨೪೭೦. ಎರಡೂ ಮಿಲಿಲೀಟರಿಗೆ ೨೦ ಮೈಕ್ರೊಗ್ರಾಂ ಎಂಬ ಒಂದೇ ಅಂಕಿಯನ್ನು ತೋರಿಸಿದವೆಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ಅಣುಗಳ ಲೆಕ್ಕದಲ್ಲಿ ಅದು ಟೈಗರಿನಿನ್ನಿಗೆ ೧೫ ಮೈಕ್ರೊಮೋಲಾರ್, ಮಗೈನಿನ್ನಿಗೆ ೮ ಆಗುತ್ತದೆ. ತೂಕದಲ್ಲಿ ಸಮನಾಗಿ ಕಂಡವು ಅಣುವಿಗೆ ಅಣು ಹೋಲಿಸಿದಾಗ ಸಮನಲ್ಲ. ಇತ್ತ, ತಯಾರಿಸುವವನಿಗೆ ಲೆಕ್ಕಕ್ಕೆ ಬರುವುದು ಕೊಂಡಿಗಳ ಸಂಖ್ಯೆ. ಹನ್ನೊಂದು ಕೊಂಡಿಗಳ ಸರಪಳಿಯನ್ನು ಕಟ್ಟುವ ವೆಚ್ಚ ಇಪ್ಪತ್ತಮೂರರದ್ದಕ್ಕಿಂತ ಕಡಿಮೆ. ಯಾವ ಪ್ರಶ್ನೆಗೆ ಉತ್ತರ ಬೇಕೆಂಬುದನ್ನು ಅವಲಂಬಿಸಿ ‘ಪ್ರಬಲ’ ಎಂಬ ಮಾತಿನ ಅರ್ಥವೇ ಬದಲಾಗುತ್ತದೆ.

ಇನ್ನೊಂದು ತೊಡಕು ಪರೀಕ್ಷಾದ್ರವದ್ದು. ಧನಾವೇಶವೇ ಆಯುಧವಾಗಿರುವ ಅಣುವಿಗೆ ಉಪ್ಪು ಅಡ್ಡಬರುತ್ತದೆ. ಉಪ್ಪು ಕಡಿಮೆ ಇರುವ ದ್ರವದಲ್ಲಿ ಚುರುಕಾಗಿರುವ ಪೆಪ್ಟೈಡು ರಕ್ತದಷ್ಟು ಉಪ್ಪಿರುವಲ್ಲಿ ಮಂದವಾಗಬಹುದು. ರಕ್ತದ್ರವದ ಪ್ರೋಟೀನುಗಳು ಅದನ್ನು ಹಿಡಿದಿಟ್ಟುಕೊಳ್ಳಬಹುದು. ಜೀರ್ಣಕಾರಿ ಕಿಣ್ವಗಳು ಅದನ್ನು ಕತ್ತರಿಸಬಹುದು. ಒಂದು ಪ್ರಯೋಗಾಲಯದ ಅಂಕಿಯನ್ನೂ ಮತ್ತೊಂದರ ಅಂಕಿಯನ್ನೂ ಅಕ್ಕಪಕ್ಕ ಇಟ್ಟು ತೀರ್ಪು ಕೊಡುವ ಸಮೀಕ್ಷಾ ಲೇಖನಗಳು ಬಹಳ ಇವೆ. ಒಂದೇ ದ್ರವ, ಒಂದೇ ತಳಿ, ಒಂದೇ ಕೈಯಿಂದ ಅಳೆದ ಅಂಕಿಗಳಲ್ಲದಿದ್ದರೆ ಅವುಗಳನ್ನು ನಾವು ಹೋಲಿಕೆಯೆಂದು ಎಣಿಸುವುದಿಲ್ಲ. ಇದಕ್ಕಿಂತ ಮುಖ್ಯವಾದುದು ಮೇಲೆ ಹೇಳಿದ ರಕ್ತಕಣದ ಪರೀಕ್ಷೆ. ಜೇನುನೊಣದ ವಿಷದಲ್ಲಿರುವ ಮೆಲಿಟಿನ್ ಎಂಬ ೨೬ ಅಮೈನೋ ಆಮ್ಲಗಳ ಪೆಪ್ಟೈಡು ಬ್ಯಾಕ್ಟೀರಿಯಾವನ್ನು ಚೆನ್ನಾಗಿಯೇ ಕೊಲ್ಲುತ್ತದೆ. ಅದು ರಕ್ತಕಣಗಳನ್ನೂ ಅಷ್ಟೇ ಸಲೀಸಾಗಿ ಒಡೆಯುವುದರಿಂದ ಔಷಧವಾಗಲಾರದು. ಕೊಲ್ಲಲು ಬೇಕಾದ ಪ್ರಮಾಣ ಮತ್ತು ರಕ್ತಕಣಕ್ಕೆ ಹಾನಿಯಾಗುವ ಪ್ರಮಾಣ, ಇವೆರಡರ ನಡುವಿನ ಅಂತರವೇ ನಿಜವಾದ ಅಳತೆಗೋಲು.

ಉಳಿದ ಕುಟುಂಬಗಳನ್ನು ಈ ಹಿನ್ನೆಲೆಯಲ್ಲಿ ಬೇಗನೆ ನೋಡಿಬಿಡಬಹುದು. ದಕ್ಷಿಣ ಅಮೆರಿಕದ ಮರಗಪ್ಪೆಯಿಂದ ೧೯೯೧ರಲ್ಲಿ ದೊರೆತ ಡರ್ಮಾಸೆಪ್ಟಿನ್ ೩೪ ಅಮೈನೋ ಆಮ್ಲಗಳದ್ದು, ಶಿಲೀಂಧ್ರಗಳ ಮೇಲೂ ಪರಿಣಾಮಕಾರಿ. ಜಪಾನಿನ ಕಪ್ಪೆಯಿಂದ ೧೯೯೨ರಲ್ಲಿ ಬಂದ ಬ್ರೆವಿನಿನ್ನಿನ ಬಾಲದಲ್ಲಿ ಏಳು ಅಮೈನೋ ಆಮ್ಲಗಳ ಸಣ್ಣ ಉಂಗುರವಿದೆ. ಉಳಿದ ಭಾಗ ಸುರುಳಿಯಾಗುತ್ತದೆ. ಟೈಗರಿನಿನ್ನಿನ ಉಂಗುರವನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಯುರೋಪಿನ ರಾನಾ ಟೆಂಪೊರೇರಿಯಾದಿಂದ ೧೯೯೬ರಲ್ಲಿ ಬಂದ ಟೆಂಪೊರಿನ್ನುಗಳು ೧೦ರಿಂದ ೧೩ ಅಮೈನೋ ಆಮ್ಲಗಳಷ್ಟು ಚಿಕ್ಕವು, ಉಂಗುರವಿಲ್ಲದವು, ಮುಖ್ಯವಾಗಿ ಗ್ರಾಂ-ಧನ ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡುವಂಥವು. ಟೆಂಪೊರಾಲಿಸ್ ಎಂಬ ಬೇರೊಂದು ಕಪ್ಪೆಯೇ ಇದೆ. ಹೆಸರಿನ ಸಾಮ್ಯದಿಂದ ಗ್ರಂಥಸೂಚಿಗಳಲ್ಲಿ ಇವೆರಡು ಬೆರೆಯದಂತೆ ಎಚ್ಚರ ವಹಿಸುವುದು ಒಳ್ಳೆಯದು. ಮಲೆನಾಡಿನಲ್ಲಿಯೂ ಇರುವ ಇಬ್ಬಣ್ಣದ ಕಪ್ಪೆ, ಕ್ಲಿನೊಟಾರ್ಸಸ್ ಕರ್ಟಿಪೆಸ್, ಇದರಿಂದ ಬ್ರೆವಿನಿನ್ ಕುಟುಂಬದ ಪೆಪ್ಟೈಡುಗಳನ್ನು ತಿರುವನಂತಪುರದ ರಾಜೀವ್ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರದವರು ವಿವರಿಸಿದ್ದಾರೆ.

ಅದೇ ತಿರುವನಂತಪುರದ ಕೇಂದ್ರ ಮತ್ತು ಅಮೆರಿಕದ ಎಮೊರಿ ವಿಶ್ವವಿದ್ಯಾಲಯಗಳ ಸಂಶೋಧಕರು ೨೦೧೭ರಲ್ಲಿ ಪ್ರಕಟಿಸಿದ ಉರುಮಿನ್ ಮಾತ್ರ ನಿಧಾನವಾಗಿ ನೋಡಬೇಕಾದುದು. ಇದರ ಮೂಲ ಹೈಡ್ರೊಫೈಲಾಕ್ಸ್ ಬಹುವಿಸ್ತಾರ ಎಂಬ ಕಪ್ಪೆ. ೨೦೧೫ರಲ್ಲಷ್ಟೇ ಪ್ರತ್ಯೇಕ ಪ್ರಭೇದವೆಂದು ಗುರುತಿಸಲಾದ ಇದು ಪರ್ಯಾಯದ್ವೀಪದಲ್ಲಿ ದೂರದೂರದವರೆಗೆ ಹರಡಿಕೊಂಡಿರುವುದರಿಂದ ಆ ಹೆಸರು. ಶಾಸ್ತ್ರನಾಮವು ಕೋಶವಿಲ್ಲದೆ ಕನ್ನಡಿಗನಿಗೆ ಅರ್ಥವಾಗುವ ಅಪರೂಪದ ಪ್ರಸಂಗವಿದು. ಇದರ ಸ್ರಾವದ ೩೨ ಪೆಪ್ಟೈಡುಗಳನ್ನು ಪರೀಕ್ಷಿಸಿದಾಗ ನಾಲ್ಕು ಮಾತ್ರ ಫ್ಲೂ ವೈರಸ್ಸಿನ ಮೇಲೆ ಪರಿಣಾಮ ಬೀರಿದವು; ಅವುಗಳಲ್ಲಿ ಮನುಷ್ಯನ ರಕ್ತಕಣಕ್ಕೆ ಹಾನಿ ಮಾಡದೆ ಉಳಿದುದು ಉರುಮಿನ್ ಒಂದೇ. ಕೇರಳದ ಬಳುಕುವ ಕತ್ತಿ ‘ಉರುಮಿ’ಯ ಹೆಸರನ್ನು ಅದಕ್ಕೆ ಕೊಟ್ಟರು. ೨೭ ಅಮೈನೋ ಆಮ್ಲಗಳ ಈ ಪೆಪ್ಟೈಡು ಎಚ್೧ ವರ್ಗದ ಫ್ಲೂ ವೈರಸ್ಸುಗಳ ಮೇಲ್ಮೈ ಪ್ರೋಟೀನಿನ ಕಾಂಡಭಾಗವನ್ನು ಗುರಿಯಾಗಿಸಿ ಅವನ್ನು ನಾಶಮಾಡುತ್ತದೆ, ಇಲಿಗಳನ್ನು ಸೋಂಕಿನಿಂದ ಕಾಪಾಡುತ್ತದೆ. ಎಚ್೩ ವರ್ಗದ ವೈರಸ್ಸುಗಳ ಮೇಲೆ ನಡೆಯುವುದಿಲ್ಲ. ಮಗೈನಿನ್ನಿನ ಕನ್ನಡಿಬಿಂಬದ ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಅಲ್ಲಿ ಗುರಿ ಇಡೀ ಪೊರೆ. ಇಲ್ಲಿ ಗುರಿ ಒಂದು ನಿರ್ದಿಷ್ಟ ಪ್ರೋಟೀನು. ಎರಡೂ ಕಪ್ಪೆಯ ಚರ್ಮದಿಂದಲೇ ಬಂದವಾದರೂ ಒಂದೇ ಪಟ್ಟಿಯಲ್ಲಿ ಮೇಲೆ ಕೆಳಗೆ ಇಡಲು ಬಾರದವು.

ಒಂದೇ ಕುಟುಂಬದೊಳಗೂ ಈ ಎಚ್ಚರ ಬೇಕೆಂಬುದಕ್ಕೆ ಟೈಗರಿನಿನ್ನೇ ಸಾಕ್ಷಿ. ನಮ್ಮ ಗೋಂಕರು ಕಪ್ಪೆಯ ಸಮೀಪದ ಬಂಧುವಾದ, ಆಗ್ನೇಯ ಏಷ್ಯದ ಹೋಪ್ಲೊಬ್ಯಾಟ್ರಾಕಸ್ ರುಗುಲೋಸಸ್ ಕಪ್ಪೆಯಿಂದ ೨೦೧೧ರಲ್ಲಿ ವರದಿಯಾದ ಟೈಗರಿನಿನ್ ರೂಪವು ಹೈದರಾಬಾದಿನ ಎರಡನೆಯ ಟೈಗರಿನಿನ್ನಿಗಿಂತ ಒಂದೇ ಒಂದು ಸ್ಥಾನದಲ್ಲಿ ಭಿನ್ನ: ಫಿನೈಲ್‌ಅಲನಿನ್ ಇದ್ದಲ್ಲಿ ಸೆರಿನ್ ಇದೆ. ಅದರ ಬಗೆಗೆ ವಿದ್ವಾಂಸರು ಗಮನಿಸಿದ ಗುಣ ಮಾತ್ರ ಬೇರೆಯೇ. ಅದು ಮೇದೋಜೀರಕ ಕೋಶಗಳಿಂದ ಇನ್ಸುಲಿನ್ ಬಿಡುಗಡೆಯಾಗುವಂತೆ ಪ್ರಚೋದಿಸುತ್ತದೆ, ಆ ಕೋಶಗಳಿಗೆ ಕೇಡು ಮಾಡುವುದಿಲ್ಲ. ಸೂಕ್ಷ್ಮಜೀವಿನಿರೋಧಕವೆಂದು ಹೆಸರಾದ ಕುಟುಂಬದ ಸದಸ್ಯ ಮಧುಮೇಹದ ಸಂಶೋಧನೆಗೆ ವಸ್ತುವಾಯಿತು.

ಔಷಧದ ಅಂಗಡಿಗೆ ಬರುವ ಹಾದಿ ಮಾತ್ರ ಈವರೆಗೆ ನಿರಾಶೆಯದು. ಮಗೈನಿನ್ನನ್ನು ಮಾರ್ಪಡಿಸಿ ತಯಾರಿಸಿದ ೨೨ ಅಮೈನೋ ಆಮ್ಲಗಳ ಪೆಕ್ಸಿಗನಾನ್ ಮಧುಮೇಹಿಗಳ ಕಾಲಿನ ಹುಣ್ಣಿಗೆ ಹಚ್ಚುವ ಮುಲಾಮಾಗಿ ಬಹಳ ಮುಂದೆ ಹೋಯಿತು. ೧೯೯೯ರಲ್ಲಿ ಅಮೆರಿಕದ ಔಷಧ ಆಡಳಿತವು ಅನುಮತಿ ನಿರಾಕರಿಸಿತು. ೨೦೧೬ರಲ್ಲಿ ಹೊರಬಿದ್ದ ಮೂರನೆಯ ಹಂತದ ಎರಡು ಪರೀಕ್ಷೆಗಳ ಫಲಿತಾಂಶಗಳೂ ಉದ್ದೇಶಿತ ಗುರಿ ಮುಟ್ಟಲಿಲ್ಲ. ಪೊರೆಯನ್ನೇ ಹೊಡೆಯುವ ಆಯುಧಕ್ಕೆ ಬ್ಯಾಕ್ಟೀರಿಯಾ ಪ್ರತಿರೋಧ ಬೆಳೆಸಿಕೊಳ್ಳಲಾರದು ಎಂಬ ನಂಬಿಕೆಯನ್ನೂ ೨೦೦೬ರ ಒಂದು ಪ್ರಯೋಗ ಅಲುಗಿಸಿತು. ಪೆಕ್ಸಿಗನಾನನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ ಬೆಳೆಸಿದಾಗ ೬೦೦–೭೦೦ ಪೀಳಿಗೆಗಳಲ್ಲಿ ೨೪ ವಂಶಗಳ ಪೈಕಿ ೨೨ ಪ್ರತಿರೋಧವನ್ನು ಪಡೆದವು. ಆ ಪ್ರಯೋಗದ ಕರ್ತೃಗಳಲ್ಲಿ ಝಾಸ್ಲಾಫ್ ಅವರೂ ಒಬ್ಬರೆಂಬುದು ಅವರ ಪ್ರಾಮಾಣಿಕತೆಗೆ ಸಲ್ಲುವ ಗೌರವ.

ಇಲ್ಲಿಂದ ಮಿಯಾಪುರದ ಆಚೆಯ ಹೆದ್ದಾರಿಗೆ ಹೋಗಬೇಕಾಗುತ್ತದೆ. ೨೦೦೭ರಲ್ಲಿ ಸ್ವೀಡನ್ನಿನ ಯೋಕಿಮ್ ಲಾರ್ಸನ್ ಮತ್ತು ಸಂಗಡಿಗರು, ಪಟಾನ್‌ಚೆರು ಪ್ರದೇಶದ ಸುಮಾರು ೯೦ ಔಷಧ ತಯಾರಕರ ತ್ಯಾಜ್ಯ ಸೇರುತ್ತಿದ್ದ ಸಾಮೂಹಿಕ ಸಂಸ್ಕರಣಾ ಘಟಕದಿಂದ ಹೊರಬರುತ್ತಿದ್ದ ನೀರನ್ನು ವಿಶ್ಲೇಷಿಸಿದ ವರದಿಯನ್ನು ಪ್ರಕಟಿಸಿದರು. ಸಿಪ್ರೊಫ್ಲಾಕ್ಸಾಸಿನ್ ಎಂಬ ಪ್ರತಿಜೈವಿಕವು ಅದರಲ್ಲಿ ಲೀಟರಿಗೆ ೩೧ ಮಿಲಿಗ್ರಾಂವರೆಗೆ ಇತ್ತು. ಆ ಔಷಧವನ್ನು ನುಂಗಿದ ರೋಗಿಯ ರಕ್ತದಲ್ಲಿ ಕಾಣುವ ಗರಿಷ್ಠ ಪ್ರಮಾಣವನ್ನೂ ಇದು ಮೀರಿತ್ತು. ಕಡಿಮೆ ಪ್ರಮಾಣದಿಂದ ಹೆಚ್ಚಿನದಕ್ಕೆ ಹಂತಹಂತವಾಗಿ ಒಗ್ಗಿಸುವುದೇ ಪ್ರತಿರೋಧ ಬೆಳೆಸುವ ವಿಧಾನವೆಂದು ಮೇಲಿನ ಪ್ರಯೋಗದಲ್ಲಿ ಕಂಡೆವು. ಇಂಥ ನೀರು ಹರಿಯುತ್ತ ತಿಳಿಯಾಗುವ ದಾರಿಯುದ್ದಕ್ಕೂ ಅದೇ ವಿಧಾನ ಬಯಲಿನಲ್ಲಿ ನಡೆಯುತ್ತದೆ. ಸಂಗತಿ ಇಷ್ಟಕ್ಕೇ ನಿಲ್ಲಲಿಲ್ಲ. ೨೦೦೯ರಲ್ಲಿ ಇದೇ ತ್ಯಾಜ್ಯವನ್ನು ಕಪ್ಪೆಯ ಗೊದಮೊಟ್ಟೆಗಳ ಮೇಲೆ ಪರೀಕ್ಷಿಸಲಾಯಿತು; ಬಳಸಿದುದು ಮಗೈನಿನ್ ಕೊಟ್ಟ ಝೆನೋಪಸ್ ಕುಲದ್ದೇ ಇನ್ನೊಂದು ಪ್ರಭೇದ. ತ್ಯಾಜ್ಯವು ನೂರರಲ್ಲಿ ೦.೨ ಭಾಗದಷ್ಟು ಮಾತ್ರ ಬೆರೆತ ನೀರಿನಲ್ಲೂ ಅವುಗಳ ಬೆಳವಣಿಗೆ ಕುಂಠಿತವಾಯಿತು. ಪ್ರತಿಜೈವಿಕಗಳನ್ನು ನಿಷ್ಫಲಗೊಳಿಸಬಲ್ಲ ನೀರೇ, ಅವುಗಳಿಗೆ ಬದಲಿಯನ್ನು ಕೊಡಬಲ್ಲ ಪ್ರಾಣಿಯ ಮರಿಯನ್ನೂ ಕೊರಗಿಸುತ್ತದೆ.

ಗೋಂಕರು ಕಪ್ಪೆಗೆ ಇದಕ್ಕಿಂತ ಹಳೆಯ ಸಂಕಟವೂ ಒಂದಿತ್ತು. ಅದರ ಕಾಲುಗಳು ವಿದೇಶಗಳ ಊಟದ ಮೇಜಿಗೆ ಭಾರಿ ಪ್ರಮಾಣದಲ್ಲಿ ರಫ್ತಾಗುತ್ತಿದ್ದವು. ೧೯೮೫ರಲ್ಲಿ ಅದು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿತು. ೧೯೮೭ರಲ್ಲಿ, ಅಂದರೆ ಮಗೈನಿನ್ ಪ್ರಕಟವಾದ ವರ್ಷವೇ, ಭಾರತವು ಕಪ್ಪೆಕಾಲಿನ ರಫ್ತನ್ನು ನಿಷೇಧಿಸಿತು. ಉಭಯಚರಗಳ ಚರ್ಮಕ್ಕೆ ತಗಲಿ ಜಗತ್ತಿನ ಅನೇಕ ಕಡೆ ಕಪ್ಪೆಗಳನ್ನು ಅಳಿಸಿರುವ ಕೈಟ್ರಿಡ್ ಶಿಲೀಂಧ್ರವು ಪಶ್ಚಿಮಘಟ್ಟದಲ್ಲಿಯೂ ಇರುವುದನ್ನು ೨೦೧೧ರಲ್ಲಿ ಮೊದಲ ಬಾರಿಗೆ ವರದಿ ಮಾಡಲಾಯಿತು. ಚರ್ಮದ ಪೆಪ್ಟೈಡುಗಳು ಈ ಶಿಲೀಂಧ್ರವನ್ನೂ ತಡೆಯಬಲ್ಲವು ಎಂಬುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಅವು ಮೂಲತಃ ಇರುವುದು ಕಪ್ಪೆಯ ಉಪಯೋಗಕ್ಕೆ.

ಒಂದು ವ್ಯಾವಹಾರಿಕ ಅಂಶವನ್ನು ಹೇಳುವುದು ಉಳಿದಿದೆ. ಈ ಸಂಶೋಧನೆಗೆ ಕಪ್ಪೆಗಳನ್ನು ಕೊಲ್ಲಬೇಕಾಗಿಲ್ಲ. ಸ್ರಾವವನ್ನು ಒಮ್ಮೆ ಪಡೆದು ಪ್ರಾಣಿಯನ್ನು ಹಿಡಿದ ಸ್ಥಳದಲ್ಲಿಯೇ ಬಿಡಬಹುದು. ಅಮೈನೋ ಆಮ್ಲಗಳ ಕ್ರಮ
ತಿಳಿದ ಮೇಲೆ ಉಳಿದುದೆಲ್ಲ ಯಂತ್ರದಲ್ಲಿ ತಯಾರಾಗುತ್ತದೆ. ಆದರೆ ಹಿಡಿದ ಸ್ಥಳ ಉಳಿದಿರಬೇಕು. ಮಿಯಾಪುರದ ಪಟೇಲ್ ಚೆರುವು, ಗುರುನಾಥಂ ಚೆರುವುಗಳಂಥ ಕೆರೆಗಳನ್ನು ಇಂದು ಬಡಾವಣೆಗಳು ಸುತ್ತುವರಿದಿವೆ. ಟೈಗರಿನಿನ್ನಿನ ನಾಲ್ಕು ರೂಪಗಳು ಒಂದೇ ಪ್ರಭೇದದಿಂದ ದೊರೆತವು. ಪಶ್ಚಿಮಘಟ್ಟದಲ್ಲಿ ಚರ್ಮಸ್ರಾವದ ಪರೀಕ್ಷೆ ಇನ್ನೂ ನಡೆಯದ ಪ್ರಭೇದಗಳು ನಡೆದವುಗಳಿಗಿಂತ ಬಹಳ ಹೆಚ್ಚು.